ಹಳೆಯ ಫೆಂಡರ್ ಆಂಪಿನ ಟ್ಯೂಬು: ಕೆಟ್ಟಿರುವುದು ಟ್ಯೂಬೋ, ಅದು ಕೂತಿರುವ ಜಾಗವೋ?

ಗಿಟಾರ್ ಆಂಪು ಗೊರಗೊರ ಅಂದರೂ, ದನಿ ಕುಗ್ಗಿದರೂ, ಫ್ಯೂಸ್ ಹೋದರೂ ಮೊದಲು ಗೂಬೆ ಕೂರುವುದು ಟ್ಯೂಬಿನ (ಸದ್ದನ್ನು ಹಿಗ್ಗಿಸುವ ಗಾಜಿನ ವಾಲ್ವಿನ) ಮೇಲೆ. ಫ್ಯೂಸ್ ಬಿಟ್ಟರೆ ಬೆಸುಗೆಯಿಲ್ಲದೆ ಕೈಯಲ್ಲೇ ಕಿತ್ತು ಬದಲಿಸಬಹುದಾದ ಭಾಗ ಅದೊಂದೇ, ಹಾಗಾಗಿ ಅನುಮಾನವೂ ಅದರ ಮೇಲೇ. ಆದರೆ 1960ರ ದಶಕದ ಆಂಪಿನಲ್ಲಿ ಸಡಿಲಗೊಂಡ ಸಾಕೆಟ್, ಮುದಿಯಾದ ಕಾರ್ಬನ್ ರೆಸಿಸ್ಟರ್, ಸೋರುವ ಕಪಾಸಿಟರ್ ಇವೆಲ್ಲ ಟ್ಯೂಬಿನ ಕಾಯಿಲೆಯನ್ನೇ ನಟಿಸುತ್ತವೆ. ಒಳ್ಳೆಯ ಆರ್‌ಸಿಎ ಕಂಪನಿಯ ಟ್ಯೂಬನ್ನು ಕಸಕ್ಕೆ ಹಾಕಿ, ಹೊಸದನ್ನು ತಂದು ಹಾಕಿ, ಅದೇ ಸದ್ದನ್ನು ಮತ್ತೆ ಕೇಳುವ ಪ್ರಸಂಗಗಳಿಗೆ ಲೆಕ್ಕವಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಫೆಂಡರ್ ಡೀಲಕ್ಸ್ ರಿವರ್ಬ್. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ 1960ರ ದಶಕದ ಮಧ್ಯಭಾಗದಲ್ಲಿ ತಯಾರಾದ, ಮುಂಭಾಗದ ಫಲಕ ಕಪ್ಪಾಗಿರುವ, ಎಬಿ763 ಎಂಬ ಸರ್ಕ್ಯೂಟಿನ, ಸುಮಾರು 22 ವಾಟಿನ ಆಂಪು. ಅದೇ ಕಾಲದ ಪ್ರಿನ್ಸ್‌ಟನ್ ರಿವರ್ಬ್, ಸೂಪರ್ ರಿವರ್ಬ್, ಟ್ವಿನ್ ರಿವರ್ಬ್‌ಗಳಿಗೂ ವಿಧಾನ ಇದೇ. ಅಂಕಿಗಳು ಮಾತ್ರ ಬೇರೆ.

ಕೈ ಹಾಕುವ ಮೊದಲು

ಇದರೊಳಗೆ 415 ವೋಲ್ಟಿಗಿಂತ ಹೆಚ್ಚು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಪಾಸಿಟರ್‌ಗಳು ಆ ಚಾರ್ಜನ್ನು ಹಿಡಿದಿಟ್ಟುಕೊಂಡಿರಬಹುದು. ಸ್ಟ್ಯಾಂಡ್‌ಬೈ ಸ್ವಿಚ್ (ಟ್ಯೂಬು ಕಾದಿದ್ದರೂ ಸದ್ದು ತಡೆಹಿಡಿಯುವ ಸ್ವಿಚ್) ನಿಮ್ಮನ್ನು ಕಾಯುವುದಿಲ್ಲ. ಕ್ಯಾಬಿನೆಟ್ಟಿನಿಂದ ಷಾಸಿ (ಒಳಗಿನ ಲೋಹದ ಚೌಕಟ್ಟು) ಹೊರತೆಗೆದ ಮೇಲೆ ಮಾಡಬೇಕಾದ ಮೊದಲ ಕೆಲಸ ಅದನ್ನು ಖಾಲಿ ಮಾಡುವುದು: ಪ್ಲಗ್ ಕಿತ್ತಿಡಿ, ಸ್ಟ್ಯಾಂಡ್‌ಬೈ ಸ್ವಿಚ್ ನುಡಿಸುವ ಸ್ಥಾನದಲ್ಲೇ ಇರಲಿ, 100 ಕಿಲೋಓಮ್, 3 ವಾಟಿನ ರೆಸಿಸ್ಟರಿನ ಒಂದು ತುದಿಯನ್ನು ಕ್ಲಿಪ್ಪಿನಿಂದ ಷಾಸಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಇನ್ಸುಲೇಶನ್ ಇರುವ ಪ್ರೋಬಿನಿಂದ ಔಟ್‌ಪುಟ್ ಟ್ಯೂಬಾದ 6ವಿ6ರ ಸಾಕೆಟ್ಟಿನ 3ನೇ ಪಿನ್ನಿಗೆ ಒಂದು ನಿಮಿಷ ಹಿಡಿಯಿರಿ. ಆಮೇಲೆ ಅಲ್ಲೇ ಮೀಟರ್ ಇಟ್ಟು ನೋಡಿ. 10 ವೋಲ್ಟಿಗಿಂತ ಕೆಳಗೆ ಬಂದಿರಬೇಕು. ಸ್ಕ್ರೂಡ್ರೈವರ್ ಇಟ್ಟು ಚಟ್ ಎನ್ನಿಸಿ ಡಿಸ್ಚಾರ್ಜ್ ಮಾಡುವ ಚಾಳಿ ಬಿಡಿ. ಕಪಾಸಿಟರಿಗೂ ಕೇಡು, ಕಣ್ಣಿಗೂ ಕೇಡು.

ಚಾಲೂ ಇರುವಾಗ ಅಳೆಯಬೇಕಾದರೆ ಪ್ಲಗ್ ಹಾಕುವ ಮೊದಲೇ ಮೀಟರಿನ ಕ್ಲಿಪ್ಪುಗಳನ್ನು ಕಚ್ಚಿಸಿ, ಆಮೇಲೆ ಕೈ ದೂರ ಇಟ್ಟುಕೊಂಡು ಸ್ವಿಚ್ ಹಾಕಿ. ಮೀಟರೂ ಅದರ ವೈರುಗಳೂ 1000 ವೋಲ್ಟ್ ಡಿಸಿಗೆ ತಾಳುವಂಥವು ಆಗಿರಬೇಕು. ಸ್ಪೀಕರ್ ಇಲ್ಲವೇ 8 ಓಮಿನ ಲೋಡ್ ಇಲ್ಲದೆ ಆಂಪು ಓಡಿಸಬೇಡಿ. ಇದರಲ್ಲಿ ಯಾವುದೇ ಮಾತು ಹೊಸದೆನಿಸಿದರೆ ಷಾಸಿ ಬಿಚ್ಚಬೇಡಿ. ನೋಡುವುದು, ತಟ್ಟುವುದು, ಕಿತ್ತು ಕೇಳುವುದು ಇಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ದೋಷಗಳು ಸಿಕ್ಕಿಬೀಳುತ್ತವೆ, ಅದಕ್ಕೆಲ್ಲ ಹಿಂದಿನ ಹಲಗೆ ತೆಗೆದರೆ ಸಾಕು.

ಯಾವುದು ಎಲ್ಲಿ

ಹಿಂದಿನಿಂದ ನೋಡಿದರೆ ಬಲತುದಿಯದು ವಿ1, ಅಂದರೆ ಮೊದಲ ಟ್ಯೂಬು; ಎಡತುದಿಯದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸಿರುವ ಕಾಗದದ ಚಾರ್ಟಿನಲ್ಲಿ ಈ ಸಾಲು ಅಚ್ಚಾಗಿರುತ್ತದೆ. ಅದರ ಮೇಲೆ ರಬ್ಬರ್ ಸ್ಟ್ಯಾಂಪಿನ ಎರಡು ಅಕ್ಷರ ಇದ್ದರೆ ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಇಂಗ್ಲಿಷ್ ವರ್ಣಮಾಲೆಯ ಮೊದಲಕ್ಷರ 1951 ಎಂದು ಹಿಡಿದು ಎಣಿಸಿದರೆ 15ನೆಯ ಅಕ್ಷರ 1965.

ವಿ1 ಸಾಮಾನ್ಯ ಚಾನೆಲ್, ವಿ2 ವೈಬ್ರಾಟೋ ಚಾನೆಲ್; ಎರಡೂ 7025, ಅಂದರೆ ಗುಂಯ್‌ಕಾರ ಕಡಿಮೆ ಇರುವ 12ಎಎಕ್ಸ್7. ವಿ3 ರಿವರ್ಬ್ ಸ್ಪ್ರಿಂಗನ್ನು ಓಡಿಸುವ 12ಎಟಿ7. ವಿ4 ರಿವರ್ಬಿನಿಂದ ಬಂದ ಸದ್ದನ್ನು ಎತ್ತಿಕೊಳ್ಳುವುದರ ಜೊತೆಗೆ ವೈಬ್ರಾಟೋ ಚಾನೆಲಿನ ಮೂರನೇ ಹಂತವೂ ಹೌದು. ವಿ5 ದನಿಯನ್ನು ಲಯಬದ್ಧವಾಗಿ ಏರಿಳಿಸುವ ಟ್ರೆಮೊಲೊ. ವಿ6 ಸಿಗ್ನಲ್ಲನ್ನು ಎರಡಾಗಿ ಒಡೆದು ಔಟ್‌ಪುಟ್ ಟ್ಯೂಬುಗಳಿಗೆ ಕೊಡುವ ಫೇಸ್ ಇನ್ವರ್ಟರ್, ಇದೂ 12ಎಟಿ7. ಆಮೇಲೆ ಸ್ಪೀಕರನ್ನು ಓಡಿಸುವ ಔಟ್‌ಪುಟ್ ಟ್ಯೂಬುಗಳಾದ ಎರಡು 6ವಿ6ಜಿಟಿ, ಕೊನೆಗೆ ರೆಕ್ಟಿಫೈಯರ್ ಆದ ಜಿಝಡ್34. ಈ ಸಾಲು ಬಾಯಿಪಾಠವಿದ್ದರೆ ದೋಷ ಹುಡುಕುವ ಕೆಲಸ ಅರ್ಧ ಮುಗಿದಂತೆ. ಸಾಮಾನ್ಯ ಚಾನೆಲ್ ಚೆನ್ನಾಗಿದ್ದು ವೈಬ್ರಾಟೋ ಚಾನೆಲ್ ಮಾತ್ರ ಕುಗ್ಗಿದ್ದರೆ ವಿ2, ವಿ4 ಬಿಟ್ಟು ಉಳಿದ ಯಾವ ಟ್ಯೂಬನ್ನೂ ಮುಟ್ಟುವ ಅಗತ್ಯವಿಲ್ಲ.

ಕಣ್ಣಿಗೆ ಕಾಣುವುದು

ಗಾಜಿನ ನೆತ್ತಿಯಲ್ಲೋ ಪಕ್ಕದಲ್ಲೋ ಕನ್ನಡಿಯಂತೆ ಹೊಳೆಯುವ ಲೇಪಕ್ಕೆ ಗೆಟರ್ ಎನ್ನುತ್ತಾರೆ. ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳಲು ಇಟ್ಟ ಬೇರಿಯಂ ಅದು. ಬೆಳ್ಳಿ, ಕಂದು, ಕಪ್ಪು, ಯಾವ ಬಣ್ಣವಿದ್ದರೂ ಚಿಂತೆಯಿಲ್ಲ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೋಗಿದೆ, ಆ ಟ್ಯೂಬಿನ ಕಥೆ ಮುಗಿಯಿತು. ಅಂಚು ಸವೆದು ತೆಳುವಾಗಿದ್ದರೆ ಸಾಕಷ್ಟು ದುಡಿದಿದೆ ಎಂದು ಮಾತ್ರ ಅರ್ಥ. ಹಾಗೆ ಸವೆದ ಎಷ್ಟೋ ಟ್ಯೂಬುಗಳು ಅಳತೆಯಲ್ಲಿ ಸರಿಯಾಗೇ ಇರುತ್ತವೆ.

ಕತ್ತಲೆ ಕೋಣೆಯಲ್ಲಿ ಆಂಪು ಹಾಕಿ ನೋಡಿ. ಹೀಟರುಗಳೆಲ್ಲ (ಟ್ಯೂಬಿನೊಳಗೆ ಕಾಯುವ ತಂತಿಗಳು) ಕಿತ್ತಳೆ ಬಣ್ಣಕ್ಕೆ ಬೆಳಗಬೇಕು. 12ಎಎಕ್ಸ್7ರ ಒಳಗೆ ಎರಡು ಹೀಟರ್ ಇರುವುದರಿಂದ ಒಂದು ಬೆಳಗಿ ಇನ್ನೊಂದು ಕತ್ತಲಾಗಿರುವುದೂ ಉಂಟು. ಅನುಮಾನವಿದ್ದರೆ ಟ್ಯೂಬು ಕಿತ್ತು, ಮೀಟರಿನಲ್ಲಿ 4ರಿಂದ 9ನೇ ಪಿನ್ನಿಗೆ, 5ರಿಂದ 9ನೇ ಪಿನ್ನಿಗೆ ಬೇರೆಬೇರೆಯಾಗಿ ನೋಡಿ. ಎರಡೂ ಕಡೆ ಕೆಲವೇ ಓಮ್ ತೋರಿಸಬೇಕು. 6ವಿ6ರಲ್ಲಿ ಹೀಟರಿನ ಪಿನ್ನುಗಳು 2 ಮತ್ತು 7. ಕೆಲವು ಹಳೆಯ 12ಎಎಕ್ಸ್7 ತಣ್ಣಗಿದ್ದಾಗ ಸ್ವಿಚ್ ಹಾಕಿದೊಡನೆ ಒಮ್ಮೆ ಬುಡದಲ್ಲಿ ಪ್ರಖರವಾಗಿ ಮಿನುಗಿ ಆಮೇಲೆ ಸುಮ್ಮನಾಗುತ್ತವೆ. ಅದು ಅವುಗಳ ಹೀಟರಿನ ರೀತಿ, ದೋಷವೇನಲ್ಲ.

ಔಟ್‌ಪುಟ್ ಟ್ಯೂಬಿನ ನೀಲಿ ಬೆಳಕಿಗೆ ಜನ ಹೆದರುತ್ತಾರೆ. ಗಾಜಿನ ಒಳಮೈಗೆ ಅಂಟಿದಂತೆ, ತಂತಿ ಮೀಟಿದಾಗ ಅಲುಗಾಡುವ ನೀಲಿ ನಿರುಪದ್ರವಿ. ಪ್ಲೇಟಿನ (ಗಾಜಿನೊಳಗಿನ ಹೊರ ತಗಡಿನ) ಒಳಗೆ, ನಡುವಿನ ಜಾಗವೆಲ್ಲ ತುಂಬಿಕೊಂಡ ನೇರಳೆ ಅಥವಾ ಗುಲಾಬಿ ಮಬ್ಬು ಕಂಡರೆ ಅದು ಅನಿಲ; ಟ್ಯೂಬು ತೆಗೆಯಿರಿ. ಬೂದು ಬಣ್ಣದ ಪ್ಲೇಟ್ ತಾನೇ ಮಂದವಾಗಿ ಕೆಂಪಗಾಗುತ್ತಿದ್ದರೆ ಯೋಚಿಸುತ್ತ ಕೂರದೆ ತಕ್ಷಣ ಆಫ್ ಮಾಡಿ. ಒಂದು ನಿಮಿಷ ತಡವಾದರೂ ಟ್ಯೂಬಿನ ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಮೂಲ ಟ್ರಾನ್ಸ್‌ಫಾರ್ಮರ್ ಹೋಯಿತೆಂದರೆ ಆಂಪಿನ ಬೆಲೆಯೂ ಇಳಿಯಿತು.

ಗಾಜು ಒರೆಸುವಾಗ ಅಚ್ಚನ್ನು ಮುಟ್ಟಬೇಡಿ. ಹಳೆಯ ಟ್ಯೂಬುಗಳ ಅಕ್ಷರ ಬೆರಳು ತಾಗಿದರೂ ಅಳಿಸಿಹೋಗುತ್ತದೆ. 6ವಿ6 ಕೀಳುವಾಗ ಗಾಜು ಹಿಡಿಯದೆ ಬುಡದ ಬೇಕಲೈಟ್ ಹಿಡಿದು ಎಳೆಯಿರಿ. ಅಂಟು ಬಿಟ್ಟು ಗಾಜು ತಿರುಗಿದರೆ ಒಳಗಿನ ತಂತಿಗಳು ಒಂದಕ್ಕೊಂದು ತಾಗುತ್ತವೆ.

ಸಾಕೆಟ್, ಆಮೇಲೆ ಕಿವಿ

ಯಾವ ಟ್ಯೂಬಿಗೂ ತೀರ್ಪು ಕೊಡುವ ಮೊದಲು ಸಾಕೆಟ್ ಶುಚಿ ಮಾಡಿ. ಪ್ಲಗ್ ಕಿತ್ತು, ಡಿಸ್ಚಾರ್ಜ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರನ್ನು ಟ್ಯೂಬಿನ ಪಿನ್ನಿಗೆ ಹಚ್ಚಿ ಐದಾರು ಬಾರಿ ಹಾಕಿ ತೆಗೆಯಿರಿ. ಸಾಕೆಟ್ಟಿನೊಳಕ್ಕೇ ಸುರಿಯುವಂತೆ ಸ್ಪ್ರೇ ಮಾಡಬೇಡಿ, ಒಣಗಲು ಅರ್ಧ ಗಂಟೆ ಬಿಡಿ. ಟ್ಯೂಬು ಸಲೀಸಾಗಿ ಜಾರಿ ಹೋಗುತ್ತಿದ್ದರೆ ಹಲ್ಲಿನ ವೈದ್ಯರು ಬಳಸುವಂಥ ಚೂಪು ಕಡ್ಡಿಯಿಂದ ಸಾಕೆಟ್ಟಿನ ತಗಡುಗಳನ್ನು ಮೆಲ್ಲಗೆ ಒತ್ತಿ ಬಿಗಿ ಮಾಡಿ. ಆಗಾಗ ಬಂದು ಹೋಗುವ ಚರಪರ ಸದ್ದು ಎಷ್ಟೋ ಸಲ ಇಲ್ಲಿಗೇ ನಿಂತುಹೋಗುತ್ತದೆ.

ಈಗ ಹಿಂದಿನಿಂದ ಪೆನ್ಸಿಲ್ ತುದಿಯಲ್ಲಿ ತಟ್ಟಿ. ವಾಲ್ಯೂಮ್ 3ರಿಂದ 4ರಲ್ಲಿರಲಿ, ಗಿಟಾರ್ ಕಿತ್ತಿರಲಿ. ವಿ1, ವಿ2 ತಟ್ಟಿದರೆ ಟಕ್ ಎಂದು ಸ್ಪೀಕರಿನಲ್ಲಿ ಕೇಳಿಸುವುದು ಸಹಜ, ಅವುಗಳ ಮುಂದೆ ಅಷ್ಟೊಂದು ಗೇನ್ (ಸದ್ದು ಹಿಗ್ಗಿಸುವ ಶಕ್ತಿ) ಇದೆ. ತಟ್ಟಿದ ಮೇಲೆ ಗಂಟೆಯ ಹಾಗೆ ಅನುರಣಿಸಿದರೆ, ಇಲ್ಲವೇ ವಾಲ್ಯೂಮ್ ಏರಿಸಿದಾಗ ತಾನೇ ಊಳಿಡತೊಡಗಿದರೆ ಅದು ಮೈಕ್ರೋಫೋನಿಕ್. ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೊ ಆಂಪಿನಲ್ಲಿ ಈ ಕಾಟ ಹೆಚ್ಚು. ಅಂಥ ಟ್ಯೂಬನ್ನು ಎಸೆಯಬೇಡಿ, ವಿ5ಕ್ಕೆ ಹಾಕಿ. ಅಲ್ಲಿ ಗಿಟಾರಿನ ಸದ್ದು ಹಾಯುವುದಿಲ್ಲ, ಟ್ರೆಮೊಲೊದ ಆಂದೋಲನ ಮಾತ್ರ ಹುಟ್ಟುತ್ತದೆ. ಆದರೆ ಗೇನ್ ಬತ್ತಿದ ಟ್ಯೂಬು ಆ ಜಾಗಕ್ಕೂ ಆಗದು, ಟ್ರೆಮೊಲೊ ಶುರುವಾಗುವುದೇ ಇಲ್ಲ.

ನಿಲ್ಲದ ಗದ್ದಲವಿದ್ದರೆ ಕಿತ್ತು ಕೇಳುವ ಪರೀಕ್ಷೆ. ಸ್ಟ್ಯಾಂಡ್‌ಬೈಗೆ ಹಾಕಿ, ಬಟ್ಟೆಯಲ್ಲಿ ಹಿಡಿದು ವಿ1 ಕೀಳಿ, ಮತ್ತೆ ಚಾಲೂ ಮಾಡಿ ಕೇಳಿ. ಹೀಗೆ ವಿ1ರಿಂದ ವಿ6ರ ಕಡೆಗೆ ಒಂದೊಂದೇ. ಈ ಆಂಪಿನಲ್ಲಿ ಹೀಟರುಗಳು ಸಮಾಂತರವಾಗಿ ಜೋಡಿಸಿರುವುದರಿಂದ ಒಂದು ಕಿತ್ತರೂ ಉಳಿದವು ಉರಿಯುತ್ತವೆ. ಯಾವುದನ್ನು ಕಿತ್ತಾಗ ಸದ್ದು ನಿಂತಿತೋ, ಗದ್ದಲ ಹುಟ್ಟುತ್ತಿರುವುದು ಆ ಹಂತದಲ್ಲಿ ಇಲ್ಲವೇ ಅದಕ್ಕಿಂತ ಮುಂಚಿನ ಹಂತದಲ್ಲಿ. ವಿ6 ಕಿತ್ತ ಮೇಲೂ ಗದ್ದಲ ಇದ್ದರೆ ಪ್ರಿಆಂಪ್ (ಔಟ್‌ಪುಟ್ ಟ್ಯೂಬಿಗೆ ಮೊದಲಿನ ಹಂತಗಳು) ನಿರಪರಾಧಿ; ಔಟ್‌ಪುಟ್ ಟ್ಯೂಬು, ಬಯಾಸ್ (ಔಟ್‌ಪುಟ್ ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜು), ಫಿಲ್ಟರ್ ಕಪಾಸಿಟರ್ ಕಡೆ ಹೋಗಿ.

ಇಲ್ಲಿ ಒಂದು ಬಲೆ ಇದೆ. ಬಾಣಲೆಯಲ್ಲಿ ಎಣ್ಣೆ ಸಿಡಿದಂಥ ಸದ್ದು ವಿ2 ಕಿತ್ತಾಗ ನಿಂತಿತು ಎಂದಮಾತ್ರಕ್ಕೆ ವಿ2 ಕೆಟ್ಟಿದೆ ಎಂದಲ್ಲ. ಅದರ ಪ್ಲೇಟಿಗೆ ಕರೆಂಟು ತರುವ 100 ಕಿಲೋಓಮಿನ ಕಾರ್ಬನ್ ರೆಸಿಸ್ಟರ್ ಕೆಟ್ಟಿದ್ದರೂ, ಟ್ಯೂಬು ಕಿತ್ತಾಗ ಅದರಲ್ಲಿ ಕರೆಂಟು ಹರಿಯದೆ ಸದ್ದು ನಿಲ್ಲುತ್ತದೆ. ಆದ್ದರಿಂದ ವಿ1, ವಿ2 ಅದಲುಬದಲು ಮಾಡಿ. ಸದ್ದು ಟ್ಯೂಬಿನ ಜೊತೆ ಇನ್ನೊಂದು ಚಾನೆಲಿಗೆ ಹೋದರೆ ಟ್ಯೂಬು ಕೆಟ್ಟಿದೆ. ಸದ್ದು ಅಲ್ಲೇ ಉಳಿದರೆ ರೆಸಿಸ್ಟರ್ ಬದಲಿಸಿ. ನಲವತ್ತು ಐವತ್ತು ವರ್ಷ ಕಳೆದ ಫೆಂಡರುಗಳಲ್ಲಿ ಎರಡನೆಯದೇ ಹೆಚ್ಚು.

ಗುಂಯ್‌ಕಾರದ ಶ್ರುತಿಯನ್ನೂ ಗಮನಿಸಿ. ಅಮೆರಿಕದ 60 ಹರ್ಟ್ಸ್ ಕರೆಂಟಿನಲ್ಲಿ 120 ಹರ್ಟ್ಸಿನ ಗುಂಯ್ ಫಿಲ್ಟರ್ ಕಪಾಸಿಟರಿನ ಕಡೆಯದು, 60ರದು ಹೀಟರಿನಿಂದ ಕ್ಯಾಥೋಡಿಗೆ (ಹೀಟರಿನ ಸುತ್ತಲಿನ, ಎಲೆಕ್ಟ್ರಾನ್ ಹೊಮ್ಮಿಸುವ ಕೊಳವೆಗೆ) ಸೋರುವ ಟ್ಯೂಬಿನದೋ ಹೀಟರ್ ವೈರಿನದೋ. ಭಾರತದಲ್ಲಿ ಅದೇ 100 ಮತ್ತು 50.

ಪ್ರಿಆಂಪಿನ ವೋಲ್ಟೇಜು

ಫೆಂಡರಿನ ನಕ್ಷೆಯಲ್ಲೇ ಪ್ಲೇಟ್ ವೋಲ್ಟೇಜುಗಳನ್ನು ಬರೆದಿರುತ್ತಾರೆ, 20 ಶೇಕಡ ಹೆಚ್ಚುಕಡಿಮೆ ಇರಬಹುದೆಂದೂ ಅಲ್ಲೇ ಹೇಳಿರುತ್ತಾರೆ. ಆ ಅಂಕಿಗಿಂತ ಕ್ಯಾಥೋಡ್ ನೋಡುವುದು ಲೇಸು. ವಿ1, ವಿ2ರ 3 ಮತ್ತು 8ನೇ ಪಿನ್ನುಗಳಿಂದ ಷಾಸಿಗೆ 1.5 ಕಿಲೋಓಮ್ ರೆಸಿಸ್ಟರ್ ಇದೆ. ಅಲ್ಲಿ 1.5 ವೋಲ್ಟ್ ಕಂಡರೆ ಟ್ಯೂಬಿನಲ್ಲಿ 1 ಮಿಲಿಆಂಪಿಯರ್ ಹರಿಯುತ್ತಿದೆ. ಅದೇ ಕರೆಂಟು 100 ಕಿಲೋಓಮಿನ ಪ್ಲೇಟ್ ರೆಸಿಸ್ಟರಿನಲ್ಲಿ 100 ವೋಲ್ಟ್ ಇಳಿಸಬೇಕು. ಎರಡು ಲೆಕ್ಕ ತಾಳೆಯಾಗದಿದ್ದರೆ ರೆಸಿಸ್ಟರಿನ ಓಮ್ ಅಳತೆ ಜಾರಿದೆ. ಕ್ಯಾಥೋಡಿನಲ್ಲಿ 1.2ರಿಂದ 1.8 ವೋಲ್ಟ್ ಇದ್ದರೆ ನೆಮ್ಮದಿ. 0.5ರ ಹತ್ತಿರ ಬಿದ್ದು ಪ್ಲೇಟ್ ವೋಲ್ಟೇಜ್ ಮೇಲೇರಿದ್ದರೆ ಟ್ಯೂಬು ಸವೆದಿದೆ. ವಿ4ರಲ್ಲಿ ಎರಡೂ ಭಾಗಕ್ಕೆ ಸೇರಿ 820 ಓಮಿನ ಒಂದೇ ರೆಸಿಸ್ಟರ್ ಇರುವುದರಿಂದ ಅಲ್ಲಿ ಎರಡರ ಕರೆಂಟೂ ಕೂಡಿ ಬರುತ್ತದೆ.

ವಿ3ರ ಬಗ್ಗೆ ಒಂದು ಮಾತು. ಆ 12ಎಟಿ7ರ ಪ್ಲೇಟಿಗೆ ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ ಹೆಚ್ಚುಕಡಿಮೆ ಪೂರ್ತಿ 400 ವೋಲ್ಟ್ ಸಿಗುತ್ತದೆ, ಡೇಟಾಶೀಟಿನ ಮಿತಿ 300. ಸಾಲಿನಲ್ಲಿ ಮೊದಲು ಸೋಲುವುದು ಇದೇ. ರಿವರ್ಬ್ ತೆಳ್ಳಗಾದರೆ ಸ್ಪ್ರಿಂಗಿನ ತೊಟ್ಟಿಯನ್ನು ಬೈಯುವ ಮೊದಲು ಇದನ್ನು ಬದಲಿಸಿ ನೋಡಿ. ಅಪರೂಪದ ಹಳೆಯ ಟ್ಯೂಬನ್ನಂತೂ ಇಲ್ಲಿ ಹಾಕಬೇಡಿ.

6ವಿ6ರ ನಿಜವಾದ ಪರೀಕ್ಷೆ

ಔಟ್‌ಪುಟ್ ಟ್ಯೂಬಿನಲ್ಲಿ ಸುಮ್ಮನಿದ್ದಾಗ ಎಷ್ಟು ಕರೆಂಟು ಹರಿಯುತ್ತದೆ ಎನ್ನುವುದೇ ಮುಖ್ಯ. ಸಾಕೆಟ್ಟಿನ 8ನೇ ಪಿನ್ನಿಗೂ ಷಾಸಿಗೂ ನಡುವೆ 1 ಓಮ್ ರೆಸಿಸ್ಟರ್ ಹಾಕಿ ಮಿಲಿವೋಲ್ಟಿನಲ್ಲಿ ಓದುವುದು ಒಂದು ದಾರಿ: 1 ಮಿಲಿವೋಲ್ಟ್ ಅಂದರೆ 1 ಮಿಲಿಆಂಪಿಯರ್, ಸ್ಕ್ರೀನಿನ (ಟ್ಯೂಬಿನೊಳಗಿನ ಎರಡನೇ ಜಾಲರಿಯ) ಕರೆಂಟೂ ಸೇರಿ. ಕಾರ್ಖಾನೆಯ ಬೆಸುಗೆ ಇನ್ನೂ ಮುಟ್ಟದಿರುವ ಆಂಪಾದರೆ ಟ್ರಾನ್ಸ್‌ಫಾರ್ಮರಿನ ದಾರಿಯೇ ಮೇಲು. ಆಂಪು ಆಫ್ ಆಗಿ ಖಾಲಿಯಾಗಿರುವಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೆಂಪು ತಂತಿಯಿಂದ ನೀಲಿಗೆ, ಕೆಂಪಿನಿಂದ ಕಂದಿಗೆ ಎಷ್ಟು ಓಮ್ ಇದೆ ಎಂದು ಬರೆದುಕೊಳ್ಳಿ. ಎರಡು ಅರ್ಧಗಳು ಸಮ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆಮೇಲೆ ಕ್ಲಿಪ್ ಕಚ್ಚಿಸಿ, ಆಂಪು ಹಾಕಿ, ಅದೇ ಎರಡು ಅರ್ಧಗಳ ಅಡ್ಡಕ್ಕೆ ಡಿಸಿ ವೋಲ್ಟೇಜ್ ಓದಿ. 110 ಓಮಿನ ಅರ್ಧದಲ್ಲಿ 2.4 ವೋಲ್ಟ್ ಬಂದಿತೆನ್ನಿ. ಭಾಗಿಸಿದರೆ ಸುಮಾರು 22 ಮಿಲಿಆಂಪಿಯರ್. ಮೀಟರಿನ ಎರಡೂ ತಂತಿ 415 ವೋಲ್ಟಿನ ಮೇಲೆ ಕೂತಿರುತ್ತವೆ ಎಂಬುದು ನೆನಪಿರಲಿ.

415 ವೋಲ್ಟಿಗೆ 22 ಮಿಲಿಆಂಪಿಯರ್ ಅಂದರೆ 9.1 ವಾಟ್. ಹಳೆಯ 6ವಿ6ಜಿಟಿಯ ಪ್ಲೇಟಿನ ಮಿತಿ 12 ವಾಟ್, ಆಮೇಲಿನ ರೇಟಿಂಗಿನಲ್ಲಿ 14. ಮಿತಿಯ 70 ಶೇಕಡ ಹಿಡಿದರೆ 20ರಿಂದ 24 ಮಿಲಿಆಂಪಿಯರ್. ಮೂಲ ಟ್ಯೂಬುಗಳಿಗೆ 20ರ ಆಸುಪಾಸೇ ಕ್ಷೇಮ. 6ವಿ6ಜಿಟಿಯ ಹಳೆಯ ಡೇಟಾಶೀಟಿನಲ್ಲಿ ಪ್ಲೇಟಿಗೆ ಹೇಳಿದ್ದು 315 ವೋಲ್ಟ್. ಫೆಂಡರ್ ಕೊಟ್ಟಿದ್ದು ಅದಕ್ಕಿಂತ 100 ಹೆಚ್ಚು. ಅಂದಿನ ಟ್ಯೂಬುಗಳು ತಡೆದುಕೊಂಡವು.

ಬಯಾಸ್ ಹೊಂದಿಸಿ ಕೈ ತೊಳೆದುಕೊಳ್ಳಬೇಡಿ. ಆಂಪನ್ನು 30 ನಿಮಿಷ ಹಾಗೇ ಬಿಟ್ಟು ಮತ್ತೆ ಓದಿ. ಕರೆಂಟು ಒಂದೆರಡು ಮಿಲಿಆಂಪಿಯರ್ ಏರಿ ನಿಂತರೆ ಸರಿ. ನಿಲ್ಲದೆ 26, 30, 35 ಎಂದು ಏರುತ್ತಲೇ ಹೋದರೆ ಆಫ್ ಮಾಡಿ. ಕಾರಣ ಎರಡರಲ್ಲಿ ಒಂದು: ಟ್ಯೂಬಿನೊಳಗೆ ಅನಿಲ ಸೇರಿ ಗ್ರಿಡ್ಡಿನಲ್ಲಿ (ಟ್ಯೂಬಿನ ಕರೆಂಟನ್ನು ನಿಯಂತ್ರಿಸುವ ಜಾಲರಿಯಲ್ಲಿ) ಕರೆಂಟು ಹರಿಯುತ್ತಿದೆ, ಇಲ್ಲವೇ ಫೇಸ್ ಇನ್ವರ್ಟರಿನಿಂದ ಬರುವ 0.1 ಮೈಕ್ರೋಫ್ಯಾರಡಿನ ಕಪಾಸಿಟರ್ ಸೋರುತ್ತಿದೆ. ಗ್ರಿಡ್ಡಿಗೆ ಬಯಾಸ್ ತರುವ 220 ಕಿಲೋಓಮ್ ರೆಸಿಸ್ಟರಿನ ಎರಡು ತುದಿಗಳ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. 1 ವೋಲ್ಟ್ ಇದೆಯೆಂದರೆ ಸುಮಾರು 4.5 ಮೈಕ್ರೋಆಂಪಿಯರ್ ಎಲ್ಲಿಂದಲೋ ಹರಿಯುತ್ತಿದೆ. ಆಫ್ ಮಾಡಿ ಆ 6ವಿ6 ಕಿತ್ತು ಮತ್ತೆ ಅಳೆಯಿರಿ. ವೋಲ್ಟೇಜ್ ಮಾಯವಾದರೆ ಟ್ಯೂಬು ತಪ್ಪಿತಸ್ಥ, ಉಳಿದರೆ ಕಪಾಸಿಟರ್.

ಒಂದೇ ಟ್ಯೂಬು ಹೆಚ್ಚು ಕರೆಂಟು ಎಳೆಯುತ್ತಿದ್ದರೆ ಎರಡನ್ನೂ ಅದಲುಬದಲು ಮಾಡಿ, ಪ್ರಿಆಂಪಿನಲ್ಲಿ ಮಾಡಿದಂತೆಯೇ. ಎರಡೂ ಹೆಚ್ಚು ಎಳೆಯುತ್ತಿದ್ದರೆ ಟ್ಯೂಬು ಬಿಟ್ಟು ಬಯಾಸ್ ಸರಬರಾಜನ್ನು ನೋಡಿ. 5ನೇ ಪಿನ್ನಿನಲ್ಲಿ ಮೈನಸ್ 35ರ ಆಸುಪಾಸು ಇರಬೇಕು. ಎರಡರ ನಡುವೆ 3, 4 ಮಿಲಿಆಂಪಿಯರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಿಂದೊಮ್ಮೆ ಟ್ಯೂಬು ಸುಟ್ಟುಹೋಗಿದ್ದ ಆಂಪಾದರೆ ಹೊಸದನ್ನು ಹಾಕುವ ಮೊದಲು 4 ಮತ್ತು 6ನೇ ಪಿನ್ನಿನ ನಡುವಿನ 470 ಓಮ್ ರೆಸಿಸ್ಟರ್ ಅಳೆಯಿರಿ. ಅದು ಸುಟ್ಟು ಕತ್ತರಿಸಿದ್ದರೆ ಎಷ್ಟು ಒಳ್ಳೆಯ ಟ್ಯೂಬು ಹಾಕಿದರೂ ದನಿ ಏಳದು.

ಶಕ್ತಿ ಉಳಿದಿದೆಯೇ ಎಂದು ತಿಳಿಯಲು ಸ್ಪೀಕರಿನ ಬದಲು 8 ಓಮ್, 50 ವಾಟಿನ ರೆಸಿಸ್ಟರ್ ಹಾಕಿ, 1000 ಹರ್ಟ್ಸಿನ ಸಿಗ್ನಲ್ ಕೊಟ್ಟು, ಆಸಿಲೋಸ್ಕೋಪಿನಲ್ಲಿ ತುದಿ ಚಪ್ಪಟೆಯಾಗತೊಡಗುವವರೆಗೆ ಏರಿಸಿ. 22 ವಾಟಿಗೆ 13.3 ವೋಲ್ಟ್ ಆರ್‌ಎಂಎಸ್ ಬರಬೇಕು. 10 ವೋಲ್ಟಿಗೇ ಚಪ್ಪಟೆಯಾದರೆ 12.5 ವಾಟ್ ಮಾತ್ರ ಉಳಿದಿದೆ. ಸುಮ್ಮನಿದ್ದಾಗಿನ ಕರೆಂಟು ಸರಿಯಿದ್ದೂ ಶಕ್ತಿಯಿಲ್ಲದ ಟ್ಯೂಬುಗಳು ಇಲ್ಲಿ ಬಯಲಾಗುತ್ತವೆ.

ಫ್ಯೂಸ್ ಹೋಗುತ್ತಲೇ ಇದ್ದರೆ

ಫ್ಯೂಸಿನ ಪಕ್ಕದಲ್ಲಿ ಬರೆದಿರುವ ಅಳತೆಯದನ್ನೇ ಹಾಕಿ. ಎಲ್ಲ ಟ್ಯೂಬು ಕಿತ್ತು ಸ್ವಿಚ್ ಹಾಕಿ. ಆಗಲೂ ಹೋದರೆ ಟ್ರಾನ್ಸ್‌ಫಾರ್ಮರ್ ಅಥವಾ ಹೀಟರ್ ವೈರಿಂಗ್. ಆಮೇಲೆ ಜಿಝಡ್34 ಒಂದನ್ನೇ ಹಾಕಿ ಕೆಲವೇ ಸೆಕೆಂಡು ನೋಡಿ. ಹೊರೆಯಿಲ್ಲದೆ ವೋಲ್ಟೇಜ್ 450ನ್ನು ದಾಟುತ್ತದೆ, ಹಳೆಯ ಕಪಾಸಿಟರುಗಳ ಮಿತಿ ಅಷ್ಟೇ. ಆಗ ಹೋದರೆ ರೆಕ್ಟಿಫೈಯರ್ ಇಲ್ಲವೇ ಫಿಲ್ಟರ್ ಕಪಾಸಿಟರ್. ತಣ್ಣಗಿರುವ ಜಿಝಡ್34ರಲ್ಲಿ 4ರಿಂದ 8ಕ್ಕೆ, 6ರಿಂದ 8ಕ್ಕೆ ಮೀಟರ್ ಏನನ್ನೂ ತೋರಿಸಬಾರದು. ಕೊನೆಗೆ ಹಾಕುವುದು 6ವಿ6. ಸರಣಿಯಲ್ಲಿ 100 ವಾಟಿನ ಹಳೆಯ ತಂತಿ ಬಲ್ಬು ಇದ್ದರೆ ಇಷ್ಟು ಫ್ಯೂಸು ಸುಡಬೇಕಾಗಿಲ್ಲ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.

ಟೆಸ್ಟರ್ ಮತ್ತು 230 ವೋಲ್ಟ್

ಹಿಕಾಕ್ ಥರದ ಹಳೆಯ ಟ್ಯೂಬ್ ಟೆಸ್ಟರಿನಲ್ಲಿ ಶಾರ್ಟ್ ಪರೀಕ್ಷೆಯನ್ನು ನಂಬಿ, ‘ಚೆನ್ನಾಗಿದೆ’ ಎಂಬ ಹಸಿರು ಪಟ್ಟಿಯನ್ನು ಅರ್ಧ ಮಾತ್ರ ನಂಬಿ. ಅವು ಆಂಪಿನ ಅರ್ಧಕ್ಕೂ ಕಡಿಮೆ ವೋಲ್ಟೇಜಿನಲ್ಲಿ ಅಳೆಯುತ್ತವೆ. 415ರಲ್ಲಿ ಕಿಡಿ ಹಾರಿಸುವ, ಕಾದ ಮೇಲೆ ಕರೆಂಟು ಏರುತ್ತಲೇ ಹೋಗುವ ಟ್ಯೂಬು ಅಲ್ಲಿ ಸಭ್ಯವಾಗಿ ಕೂತಿರುತ್ತದೆ.

ಅಮೆರಿಕದಿಂದ ಬೆಂಗಳೂರಿಗೆ ಆಂಪು ತಂದವರು ಟ್ಯೂಬಿಗಿಂತ ಮೊದಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಔಟ್‌ಪುಟ್ ಅಳೆಯಬೇಕು, ಅದೂ ಆಂಪು ಚಾಲೂ ಇದ್ದಾಗ. ಈ ಆಂಪು 117 ವೋಲ್ಟಿಗೆ ರೂಪಿಸಿದ್ದು. 125 ಕೊಟ್ಟರೆ 6.3 ವೋಲ್ಟಿನ ಹೀಟರ್ 6.7ಕ್ಕೆ, 415 ವೋಲ್ಟಿನ ಪ್ಲೇಟ್ 440ರ ಮೇಲಕ್ಕೆ ಹೋಗುತ್ತದೆ. ಹೀಟರಿನಲ್ಲಿ 5.7ರಿಂದ 6.9 ಸಹಿಸಬಹುದಾದ ಮಿತಿ.

ಬದಲಿ ಟ್ಯೂಬು ಹುಡುಕುವವರಿಗೆ ಮನೆಯ ಹತ್ತಿರದ ಒಂದು ದಾರಿಯೂ ಇದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿತ್ತು. ಬಿಇಎಲ್ ಗುರುತಿನ ಇಸಿಸಿ83 ಅಂದರೆ 12ಎಎಕ್ಸ್7ರದೇ ಯುರೋಪಿಯನ್ ಹೆಸರು, ವಿ1ರಿಂದ ವಿ5ರವರೆಗೆ ವಿ3 ಬಿಟ್ಟು ಎಲ್ಲಿಗಾದರೂ ಕೂರುತ್ತದೆ. ಬಿಇಎಲ್‌ನ ಇಎಲ್84 ಸಿಕ್ಕಿದರೆ ಅದು 9 ಪಿನ್ನಿನದು, 6ವಿ6ರ ಜಾಗಕ್ಕೆ ಹೋಗದು. ಹಳೆಯ ರೇಡಿಯೊದಿಂದ ಕಿತ್ತಿದ್ದೆಂದು ಮಾರುವವರಿದ್ದರೆ ಹೆಸರಿನ ಅಚ್ಚು ನೋಡಿ ದುಡ್ಡು ಕೊಡಬೇಡಿ. ಅಚ್ಚನ್ನು ಯಾರು ಬೇಕಾದರೂ ಒತ್ತಬಹುದು. ಟೆಲಿಫುಂಕನ್ ಎಂದು ಬರೆದ 12ಎಎಕ್ಸ್7ರ ಬುಡದಲ್ಲಿ, ಪಿನ್ನುಗಳ ನಡುವೆ, ಗಾಜಿನಲ್ಲೇ ಮೂಡಿದ ವಜ್ರಾಕಾರ ಇಲ್ಲದಿದ್ದರೆ ಟೆಲಿಫುಂಕನ್ ಬೆಲೆ ಕೊಡಬೇಕಾಗಿಲ್ಲ.